ನಾಟಿ ಕೋಳಿಗೆ ತಳಿ ಹುಂಜದ ಆಯ್ಕೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಡೇರಿಯ ಸಭೆಯಲ್ಲಿ ಕೋಳಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕೋಳಿ ಗೂಡು ಇದ್ದೇ ಇರುತ್ತದೆ. ಹಾಲಿನ ಬಟವಾಡೆ ಕೈಗೆ ಬರುವ ತನಕ ಉಪ್ಪು, ಸೋಪು, ಮಕ್ಕಳ ನೋಟ್ ಬುಕ್ಕು ಇವೆಲ್ಲ ನಡೆಯುವುದು ಮೊಟ್ಟೆ ಮಾರಿದ ದುಡ್ಡಿನಲ್ಲಿ, ಇಲ್ಲವೆ ಸಂತೆಗೆ ಒಯ್ದ ಒಂದು ಜೊತೆ ಕೋಳಿಯಲ್ಲಿ. ಈ ದುಡ್ಡು ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ, ಬಹುಪಾಲು ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಇರುತ್ತದೆ. ಆದ್ದರಿಂದ ಈ ಮಾತನ್ನು ಮುಖ್ಯವಾಗಿ ತಾಯಂದಿರನ್ನು ಉದ್ದೇಶಿಸಿ ಹೇಳುತ್ತಿದ್ದೇನೆ. ಗಂಡಸರೂ ಕೇಳಬೇಕು. ಯಾವ ಹುಂಜವನ್ನು ಕೊಯ್ಯಬೇಕು ಎಂದು ತೀರ್ಮಾನ ಮಾಡುವವರು ಹೆಚ್ಚಾಗಿ ಅವರೇ.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಐದು ಹುಂಜದ ಪಿಳ್ಳೆಗಳು ಬೆಳೆದಿವೆ ಎನ್ನೋಣ. ಅವುಗಳಲ್ಲಿ ಮೊದಲು ಹೋಗುವುದು ಯಾವುದು? ಯುಗಾದಿಯ ಮಾರನೆಯ ದಿನ ವರ್ಷ ತೊಡಕು ಬರುತ್ತದೆ, ಐದರಲ್ಲಿ ದಪ್ಪಗಿರುವುದನ್ನು ಹಿಡಿಯುತ್ತೀರಿ. ಮಾರಿ ಹಬ್ಬಕ್ಕೆ ಎರಡನೆಯದು. ಮಗಳು ಅಳಿಯ ಬಂದರೆ ಮೂರನೆಯದು. ವ್ಯಾಪಾರಿ ಬೈಕಿಗೆ ಮಂಕರಿ ಕಟ್ಟಿಕೊಂಡು ಬಾಗಿಲಿಗೇ ಬರುತ್ತಾನೆ, ಅವನೂ ಬಡಕಲು ಕೋಳಿಗೆ ಕೈ ಹಾಕುವುದಿಲ್ಲ. ನಾಲ್ಕನೆಯದನ್ನು ಅವನು ಒಯ್ಯುತ್ತಾನೆ. ಕೊನೆಗೆ ಉಳಿಯುವುದು ಯಾರಿಗೂ ಬೇಡವಾದ ಐದನೆಯದು. ಹುಟ್ಟಿದಾಗಿನಿಂದ ಹಿಂದೆ ಬಿದ್ದದ್ದು, ಕಾಲು ಸೊಟ್ಟ ಇರುವುದು, ಮೈಯಲ್ಲಿ ಮಾಂಸವಿಲ್ಲದ್ದು. ಮುಂದಿನ ವರ್ಷ ನಿಮ್ಮ ಮನೆಯಲ್ಲಿ ಒಡೆಯುವ ಮರಿಗಳಿಗೆಲ್ಲ ಅದೇ ತಂದೆ!

"ನಮ್ಮ ಅಜ್ಜಿಯ ಕಾಲದ ಕೋಳಿ ಎಷ್ಟು ದಪ್ಪ ಇರುತ್ತಿತ್ತು, ಈಗಿನದು ಪಾರಿವಾಳದಷ್ಟಿದೆ" ಎಂದು ಅನೇಕರು ಹೇಳುತ್ತಾರೆ. ಇದಕ್ಕೆ ಮೇವು, ಜಂತುಹುಳು, ರೋಗ ಎಂದು ಹಲವು ಕಾರಣಗಳಿರಬಹುದು. ಆದರೆ ವರ್ಷ ವರ್ಷವೂ ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬೀಜಕ್ಕೆ ಬಿಡುವುದು ನಾವೇ ಮಾಡುತ್ತಿರುವ ಕೆಲಸ. ರಾಗಿಯಲ್ಲಿ ಹೀಗೆ ಮಾಡುತ್ತೀರಾ? ಒಕ್ಕುವುದಕ್ಕೆ ಮೊದಲೇ ಒಳ್ಳೆಯ ತೆನೆ ಆರಿಸಿ ಬೀಜಕ್ಕೆಂದು ಎತ್ತಿಡುವ ಪದ್ಧತಿ ನಮ್ಮಲ್ಲೇ ಇತ್ತು. ಕೋಳಿಗೂ ಅದೇ ಕ್ರಮ ಬೇಕು. ಮೊದಲು ಬೀಜದ ಹುಂಜವನ್ನು ಆರಿಸಿ ಕಾಲಿಗೆ ಬಣ್ಣದ ದಾರ ಕಟ್ಟಿ. ಆಮೇಲೆ ಹಬ್ಬ, ಆಮೇಲೆ ಸಂತೆ.

ಹುಂಜಕ್ಕೆ ಇಷ್ಟು ಮಹತ್ವ ಏಕೆಂದರೆ ಲೆಕ್ಕ ಸರಳ. ಹತ್ತು ಹೇಂಟೆ, ಒಂದು ಹುಂಜ ಇರುವ ಮನೆಯಲ್ಲಿ ವರ್ಷಕ್ಕೆ ನೂರು ಮರಿ ಆದವೆನ್ನಿ. ಒಂದೊಂದು ಹೇಂಟೆ ಸುಮಾರು ಹತ್ತು ಮರಿಗಳಿಗೆ ತಾಯಿ. ಹುಂಜ ನೂರಕ್ಕೂ ತಂದೆ. ಒಂದು ಹೇಂಟೆ ಕಳಪೆಯಾದರೆ ಹತ್ತು ಮರಿ ಕಳಪೆಯಾದಾವು, ಹುಂಜ ಕಳಪೆಯಾದರೆ ಮನೆಯ ಕೋಳಿಯೆಲ್ಲ ಇಳಿಯುತ್ತದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವಾಗ ಒಳ್ಳೆಯ ಹೋರಿಯ ವೀರ್ಯ ಬೇಕೆಂದು ನೀವು ಕೇಳುವುದೂ ಇದೇ ಕಾರಣಕ್ಕೆ.

ಹೋರಿ ಹಾಲು ಕೊಡುವುದಿಲ್ಲ. ಆದರೂ ಅದನ್ನು ಒಳ್ಳೆಯ ಹೋರಿ ಎಂದು ಹೇಗೆ ಹೇಳುತ್ತೇವೆ? ಅದರ ತಾಯಿಯ ಹಾಲು ನೋಡಿ, ಅದಕ್ಕೆ ಹುಟ್ಟಿದ ಹೆಣ್ಣು ಕರುಗಳ ಹಾಲು ನೋಡಿ. ಹುಂಜವೂ ಮೊಟ್ಟೆ ಇಡುವುದಿಲ್ಲ, ಕಾವಿಗೆ ಕೂರುವುದಿಲ್ಲ. ಆದರೆ ಆ ಗುಣಗಳನ್ನು ಹೆಣ್ಣು ಮರಿಗಳಿಗೆ ದಾಟಿಸುತ್ತದೆ. ಆದ್ದರಿಂದ ಹುಂಜದ ಆಯ್ಕೆ ಹುಂಜದಿಂದ ಶುರುವಾಗಬಾರದು, ಅದರ ತಾಯಿಯಿಂದ ಶುರುವಾಗಬೇಕು.

ನಿಮ್ಮ ಹೇಂಟೆಗಳಲ್ಲಿ ಯಾವುದು ಒಳ್ಳೆಯದೆಂದು ನಿಮಗೆ ಗೊತ್ತೇ ಇದೆ. ನಾಟಿ ಕೋಳಿ ವರ್ಷಕ್ಕೆ ಮೂರು ನಾಲ್ಕು ಸಲ ಮೊಟ್ಟೆಗೆ ಬಂದು, ಸಲಕ್ಕೆ ಹತ್ತು ಹದಿನೈದರಂತೆ ಒಟ್ಟು 40ರಿಂದ 60 ಮೊಟ್ಟೆ ಇಡುತ್ತದೆ. ಕೆಲವು ಇದಕ್ಕಿಂತ ಹೆಚ್ಚು ಇಡುತ್ತವೆ. ಕೆಲವು 21 ದಿನ ಅಲ್ಲಾಡದೆ ಕಾವು ಕೊಟ್ಟು ಹತ್ತಿಡೀ ಮೊಟ್ಟೆಯನ್ನು ಒಡೆಸುತ್ತವೆ. ಹದ್ದು ಬಂದರೆ ರೆಕ್ಕೆ ಬಿಚ್ಚಿ ಎದುರು ನಿಲ್ಲುತ್ತವೆ, ಎರಡು ತಿಂಗಳಾದರೂ ಒಂದೆರಡು ಮರಿಗಿಂತ ಹೆಚ್ಚು ಕಳೆದುಕೊಂಡಿರುವುದಿಲ್ಲ. ಇನ್ನು ಕೆಲವು ಹನ್ನೆರಡು ಮರಿ ಒಡೆಸಿ, ತಿಂಗಳಲ್ಲಿ ಮೂರು ಉಳಿಸಿಕೊಂಡು ತಿರುಗುತ್ತವೆ. ಮೊಟ್ಟೆ ಎಷ್ಟಿಟ್ಟಿತು ಎನ್ನುವುದಕ್ಕಿಂತ ಎಷ್ಟು ಮರಿಯನ್ನು ಸಂತೆಯ ಗಾತ್ರಕ್ಕೆ ತಂದಿತು ಎಂಬುದೇ ಹಳ್ಳಿಯ ಕೋಳಿಗೆ ಸರಿಯಾದ ಅಳತೆ. ಅಂತಹ ಹೇಂಟೆಯ ಮೊಟ್ಟೆಗೆ ಇದ್ದಿಲಿನಲ್ಲೋ ಪೆನ್ಸಿಲಿನಲ್ಲೋ ಗುರುತು ಮಾಡಿ, ಅವನ್ನು ಒಂದೇ ಕೋಳಿಯ ಅಡಿಯಲ್ಲಿ ಇಟ್ಟು ಒಡೆಸಿ. ಆ ಮರಿಗಳ ಕಾಲಿಗೆ ದಾರ ಕಟ್ಟಿ. ಕಾಲು ದಪ್ಪವಾದಂತೆ ಅದನ್ನು ಬಿಚ್ಚಿ ಸಡಿಲ ಮಾಡುತ್ತಿರಬೇಕು, ಇಲ್ಲದಿದ್ದರೆ ದಾರ ತೊಗಲಿಗೆ ಇಳಿದು ಹುಣ್ಣಾಗುತ್ತದೆ. ಮುಂದಿನ ಹುಂಜ ಬರಬೇಕಾದದ್ದು ಈ ದಾರ ಕಟ್ಟಿದ ಗುಂಪಿನಿಂದ.

ಮರಿಗಳಿಗೆ ಮೂರು ತಿಂಗಳು ತುಂಬಿದಾಗ ಮೊದಲ ಆಯ್ಕೆ ಮಾಡಿ. ಆಗ ಹುಂಜದ ಪಿಳ್ಳೆಗಳು ಸ್ಪಷ್ಟವಾಗಿ ಗೊತ್ತಾಗುತ್ತವೆ. ಒಂದೇ ದಿನ ಒಡೆದು, ಒಂದೇ ಅಂಗಳದಲ್ಲಿ ಮೇದು ಬೆಳೆದವನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಕು. ಮಳೆಗಾಲದ ಮರಿಯನ್ನು ಬೇಸಿಗೆಯ ಮರಿಯ ಜೊತೆ ಹೋಲಿಸಿದರೆ ತೀರ್ಪು ತಪ್ಪಾಗುತ್ತದೆ. ಮುಂದೆ ಇರುವ ಮೂರು ನಾಲ್ಕನ್ನು ಉಳಿಸಿಕೊಂಡು ಉಳಿದವನ್ನು ನಿಮ್ಮ ಇಷ್ಟದಂತೆ ಮಾಡಿ. ಆರು ತಿಂಗಳ ಹೊತ್ತಿಗೆ ಅವುಗಳಲ್ಲಿ ಒಂದನ್ನು ಆರಿಸಿ, ಜೊತೆಗೆ ಇನ್ನೊಂದನ್ನು ಇಟ್ಟುಕೊಳ್ಳಿ. ನಾಯಿಯೋ ಮುಂಗುಸಿಯೋ ಹಿಡಿದರೆ ವರ್ಷದ ಶ್ರಮ ಹೋಗಬಾರದಲ್ಲವೆ? ತಳಿಗೆ ಬಿಡುವುದನ್ನು ಎಂಟು ತಿಂಗಳ ನಂತರ ಮಾಡಿದರೆ ಒಳ್ಳೆಯದು.

ಹುಂಜವನ್ನು ದೂರದಿಂದ ನೋಡಿ ಮೆಚ್ಚಬೇಡಿ. ಸಂತೆಯಲ್ಲಿ ಪುಕ್ಕದ ಹೊಳಪಿಗೆ ಮರುಳಾಗುವವರೇ ಹೆಚ್ಚು. ಕೈಯಲ್ಲಿ ಹಿಡಿದು ನೋಡಬೇಕು. ರಾತ್ರಿ ಗೂಡಿಗೆ ಸೇರಿದ ಮೇಲೆ ಹಿಡಿದರೆ ಗಲಾಟೆ ಇಲ್ಲ. ಮೊದಲು ಎದೆಮೂಳೆಯ ಮೇಲೆ ಬೆರಳಾಡಿಸಿ. ಅದು ನೇಗಿಲ ಈಸಿನಂತೆ ನೆಟ್ಟಗಿರಬೇಕು, ಎರಡೂ ಬದಿ ಮಾಂಸ ತುಂಬಿರಬೇಕು. ಮೂಳೆ ಚಾಕುವಿನಂತೆ ಕೈಗೆ ತಾಗಿದರೆ ಹೊಟ್ಟೆಯಲ್ಲಿ ಜಂತು ಇರಬಹುದು ಅಥವಾ ಮೈ ಹಿಡಿಯದ ಜಾತಿ ಇರಬಹುದು. ಅದೇ ಮೂಳೆಯ ಹಿಂತುದಿಯನ್ನು ಒತ್ತಿ ನೋಡಿ, ಬಗ್ಗಿದರೆ ಎಳೆಯದು, ಗಟ್ಟಿಯಾಗಿದ್ದರೆ ಬಲಿತದ್ದು. ಕಾಲಿನ ಹಿಂಬದಿಯಲ್ಲಿ ಬೆಳೆಯುವ ಮುಳ್ಳೂ ವಯಸ್ಸು ಹೇಳುತ್ತದೆ. ಎಳೆಯ ಹುಂಜಕ್ಕೆ ಅಲ್ಲಿ ಗುಬುಟು ಮಾತ್ರ ಇರುತ್ತದೆ. ಉದ್ದವಾಗಿ ಬಾಗಿದ ಮುಳ್ಳಿರುವ ಹುಂಜವನ್ನು "ಈ ವರ್ಷದ ಪಿಳ್ಳೆ" ಎಂದು ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ.

ಕಣ್ಣು ಎರಡೂ ಒಂದೇ ಸಮ, ಹೊಳಪಾಗಿ, ನೀರು ಸುರಿಯದೆ ಇರಬೇಕು. ಜುಟ್ಟು, ಗಲ್ಲದ ಕೆಳಗೆ ಜೋಲುವ ತೊಗಲು ಕೆಂಪಾಗಿ ಬೆಚ್ಚಗಿರಬೇಕು. ಬಿಳಿಚಿದ್ದರೆ ರಕ್ತ ಕಡಿಮೆ ಎಂದು ಅರ್ಥ. ಕೊಕ್ಕಿನ ಮೇಲಿನ ಭಾಗ, ಕೆಳಗಿನ ಭಾಗ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕತ್ತರಿಯಂತೆ ಅಡ್ಡಾದ ಕೊಕ್ಕು ಮರಿಗಳಿಗೂ ಬರಬಹುದು, ಅಂತಹುದನ್ನು ತಳಿಗೆ ಬಿಡಲೇಬಾರದು. ಕಾಲು ಮತ್ತು ಬೆರಳು ನೆಟ್ಟಗಿರಲಿ. ಕಾಲು ಕೆಟ್ಟ ಹುಂಜ ಮೇಯಲು ದೂರ ಹೋಗುವುದಿಲ್ಲ, ಹೇಂಟೆಯ ಮೇಲೆ ನಿಲ್ಲಲೂ ಆಗುವುದಿಲ್ಲ. ರೆಕ್ಕೆಯ ಅಡಿ ಮತ್ತು ಮಲದ್ವಾರದ ಸುತ್ತ ಪುಕ್ಕ ಬಿಡಿಸಿ ಹೇನು ಇದೆಯೇ ನೋಡಿ. ಕಾಲಿನ ಪೊರೆ ಎದ್ದು ಸುಣ್ಣ ಹಚ್ಚಿದಂತಿದ್ದರೆ ಅದು ಕಣ್ಣಿಗೆ ಕಾಣದ ಹುಳುವಿನ ಕಾಟ. ಕಾಲು ತೊಳೆದು ಬೇವಿನೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಕೆಲವು ದಿನ ಬಿಡದೆ ಹಚ್ಚಿದರೆ ಕಡಿಮೆಯಾಗುತ್ತದೆ. ಇದಕ್ಕಾಗಿ ಹುಂಜವನ್ನು ಬಿಡಬೇಕಾಗಿಲ್ಲ.

ಗಾತ್ರದ ಬಗ್ಗೆ ಒಂದು ಮಾತು. ಗುಂಪಿನಲ್ಲಿ ಚೆನ್ನಾಗಿ ಬೆಳೆದದ್ದನ್ನು ಆರಿಸಿ ಎಂದೆ. ಆದರೆ ಎಲ್ಲಿಂದಲೋ ನಾಲ್ಕು ಕೆ.ಜಿ. ತೂಗುವ ಹುಂಜ ತಂದು ಒಂದೂಕಾಲು ಕೆ.ಜಿ.ಯ ಹೇಂಟೆಗಳ ನಡುವೆ ಬಿಡುವುದು ಬೇರೆ ಮಾತು. ಹೇಂಟೆಗಳ ಬೆನ್ನು ಸೀಳುತ್ತದೆ, ಪುಕ್ಕ ಉದುರುತ್ತದೆ. ಅಷ್ಟು ಭಾರದ ಹಕ್ಕಿಗೆ ನಾಯಿ ಬಂದಾಗ ಹಾರಿ ಗೋಡೆ ಹತ್ತಲೂ ಆಗುವುದಿಲ್ಲ. ಎರಡು ಕೆ.ಜಿ. ಆಸುಪಾಸಿನ, ಚುರುಕಾದ ಹುಂಜ ಅಂಗಳದ ಕೋಳಿಗೆ ಸಾಕು. ಬಣ್ಣ ನಿಮ್ಮ ಇಷ್ಟ, ನಿಮ್ಮ ಸಂತೆಯ ಇಷ್ಟ. ಅಚ್ಚ ಬಿಳಿ ಮಾತ್ರ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಕತ್ತಿನಲ್ಲಿ ಪುಕ್ಕವಿಲ್ಲದ ಕೋಳಿಯನ್ನು ರೋಗದ್ದೆಂದು ಕೆಲವರು ತೆಗೆದುಬಿಡುತ್ತಾರೆ. ಅದು ರೋಗವಲ್ಲ, ಹುಟ್ಟುಗುಣ, ಸೆಕೆಯನ್ನು ಚೆನ್ನಾಗಿ ತಡೆಯುವ ಗುಣ ಅದು.

ಇನ್ನು ನಡತೆ. ಬೆಳಿಗ್ಗೆ ಗೂಡು ತೆಗೆದ ಮೇಲೆ ಒಂದು ಹಿಡಿ ರಾಗಿ ಚೆಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತು ನೋಡಿ. ಒಳ್ಳೆಯ ಹುಂಜ ಕಾಳನ್ನು ಕೊಕ್ಕಿನಲ್ಲಿ ಎತ್ತಿ ಹಾಕುತ್ತಾ ಕೊಕ್ ಕೊಕ್ ಎಂದು ಹೇಂಟೆಗಳನ್ನು ಕರೆಯುತ್ತದೆ, ಅವು ತಿನ್ನುವಾಗ ತಲೆಯೆತ್ತಿ ಆಕಾಶ ನೋಡುತ್ತದೆ. ಹದ್ದು ಕಂಡ ಕೂಡಲೇ ಕೂಗಿ ಎಲ್ಲವನ್ನೂ ಬೇಲಿಯೊಳಗೆ ಸೇರಿಸುತ್ತದೆ. ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಕುಕ್ಕುವುದು, ತಾನೇ ಎಲ್ಲ ತಿಂದು ಮುಗಿಸುವುದು, ಮಕ್ಕಳ ಮೇಲೆ ಹಾರಿ ಬರುವುದು, ಇಂತಹ ಹುಂಜ ನೋಡಲು ಎಷ್ಟು ಚೆಂದವಿದ್ದರೂ ಸಾರಿಗೆ ಸರಿ, ತಳಿಗೆ ಬೇಡ. ಕಾಳಗಕ್ಕೆ ಗೆದ್ದ ಹುಂಜವನ್ನು ತಳಿಗೆ ತರುವ ಹುಚ್ಚು ಕೆಲವು ಯುವಕರಲ್ಲಿದೆ. ಮನೆ ಕೋಳಿಗೆ ಆ ಸಿಟ್ಟಿನಿಂದ ಏನೂ ಲಾಭವಿಲ್ಲ.

ಗಿರಿರಾಜ ಹುಂಜ ಬಿಟ್ಟರೆ ಆಗದೆ ಎಂದು ಬಹಳ ಜನ ಕೇಳುತ್ತಾರೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಗಿರಿರಾಜ ಹಿತ್ತಿಲ ಸಾಕಣೆಗೆ ಒಳ್ಳೆಯ ಕೋಳಿ, ಅದರಲ್ಲಿ ಅನುಮಾನವಿಲ್ಲ. ಬೇಗ ತೂಕ ಬರುತ್ತದೆ, ಮೊಟ್ಟೆಯೂ ಹೆಚ್ಚು. ಆದರೆ ಅದು ಹಲವು ತಳಿಗಳನ್ನು ಕೂಡಿಸಿ ಮಾಡಿದ್ದು. ಅದರ ಮರಿಯ ಮರಿ ಅದರಂತೆಯೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಕಾವಿಗೆ ಕೂರುವ ಕೋಳಿಯಲ್ಲ. ಗಿರಿರಾಜ ಹುಂಜವನ್ನು ನಾಟಿ ಹೇಂಟೆಗೆ ಬಿಟ್ಟರೆ ಮೊದಲ ಸಾಲಿನ ಮರಿ ದಪ್ಪ ಬಂದು ಸಂತೋಷ ಕೊಡುತ್ತದೆ. ಆ ಹೆಣ್ಣು ಮರಿಗಳನ್ನೇ ಉಳಿಸಿಕೊಂಡು ಮತ್ತೆ ಮತ್ತೆ ಹೀಗೆಯೇ ಮಾಡುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಮೊಟ್ಟೆ ಇರುತ್ತದೆ, ಕಾವು ಕೊಡುವ ಕೋಳಿ ಇರುವುದಿಲ್ಲ. ಆಗ ಪ್ರತಿ ಸಲವೂ ಮರಿಯನ್ನು ಹಣ ಕೊಟ್ಟು ಹೊರಗಿನಿಂದ ತರಬೇಕು. ಗಿರಿರಾಜ ಬೇಕಿದ್ದವರು ಅದರ ಮರಿಗಳನ್ನೇ ತಂದು ಬೇರೆಯಾಗಿ ಸಾಕಿ ಮಾರಲಿ. ನಾಟಿ ಗುಂಪಿನ ಒಳಗೆ ಬೆರೆಸುವ ಮೊದಲು ಯೋಚಿಸಿ.

ರಕ್ತಸಂಬಂಧದ ವಿಚಾರ ಹಾಲು ಉತ್ಪಾದಕರಿಗೆ ಹೊಸದಲ್ಲ. ಹಸುವಿಗೆ ಅದರ ತಂದೆಯದೇ ವೀರ್ಯ ಹಾಕಬಾರದೆಂದು ತಾನೆ ಹೋರಿಯ ನಂಬರನ್ನು ಕಾರ್ಡಿನಲ್ಲಿ ಬರೆಯುವುದು? ಕೋಳಿಯಲ್ಲಿ ಮಾತ್ರ ಒಂದೇ ಹುಂಜವನ್ನು ನಾಲ್ಕು ವರ್ಷ ಇಟ್ಟುಕೊಳ್ಳುತ್ತೇವೆ. ಎರಡನೆಯ ವರ್ಷಕ್ಕೆ ಅದು ತನ್ನ ಮಕ್ಕಳನ್ನೇ ಕೂಡುತ್ತದೆ, ಮೂರನೆಯ ವರ್ಷಕ್ಕೆ ಮೊಮ್ಮಕ್ಕಳನ್ನು. ಮೊಟ್ಟೆ ಒಡೆಯದೆ ಮರಿ ಒಳಗೇ ಸಾಯುವುದು, ಒಡೆದ ಮರಿ ತೂಕಡಿಸಿಕೊಂಡು ನಿಲ್ಲುವುದು, ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳು. ಆದ್ದರಿಂದ ಹುಂಜವನ್ನು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷಕ್ಕೆ ಬದಲಿಸಿ. ತಳಿ ಒಳ್ಳೆಯದಾಗಿದ್ದರೆ ಮಾರಬೇಕಿಲ್ಲ, ಬೇರೆ ಮನೆಗೆ ಕೊಡಿ.

ಇಲ್ಲಿಯೇ ಇರುವುದು ನಿಜವಾದ ತೊಡಕು. ನೀವೊಬ್ಬರೇ ಎಷ್ಟು ಚೆನ್ನಾಗಿ ಆರಿಸಿದರೂ ಪಕ್ಕದ ಮನೆಯ ಸೊಟ್ಟಗಾಲಿನ ಹುಂಜ ಬೇಲಿ ಹಾರಿ ಬರುತ್ತದೆ. ಬಿಟ್ಟು ಮೇಯಿಸುವ ಕೋಳಿಗೆ ಮನೆಯ ಗಡಿ ಗೊತ್ತಿಲ್ಲ. ಆದ್ದರಿಂದ ಹುಂಜದ ಆಯ್ಕೆ ಒಂದು ಮನೆಯ ಕೆಲಸವಲ್ಲ, ಒಂದು ಬೀದಿಯ ಕೆಲಸ. ಹಾಲಿಗೆ ಸಂಘ ಕಟ್ಟಿಕೊಂಡ ನಿಮಗೆ ಇದು ಕಷ್ಟವಲ್ಲ. ಒಂದು ಬೀದಿಯ ಐದಾರು ಮನೆಯವರು ಕುಳಿತು, ಒಟ್ಟು ಹೇಂಟೆ ಎಷ್ಟಿವೆ ಎಂದು ಎಣಿಸಿ, ಎಂಟು ಹತ್ತು ಹೇಂಟೆಗೆ ಒಂದರಂತೆ ಹುಂಜ ಉಳಿಸಿಕೊಳ್ಳಿ. ಉಳಿದ ಹುಂಜದ ಪಿಳ್ಳೆಗಳನ್ನು ಕೂಗುವ ವಯಸ್ಸಿಗೆ ಬರುತ್ತಿದ್ದಂತೆ ಎಲ್ಲರೂ ತೆಗೆದುಬಿಡಬೇಕು. ಮೂರು ಬೀದಿ ಒಪ್ಪಿದರೆ ಇನ್ನೂ ಒಳ್ಳೆಯದು. ಹೇಂಟೆಗಳು ಇದ್ದಲ್ಲೇ ಇರಲಿ, ಪ್ರತಿ ವರ್ಷ ಮೇಲಿನ ಬೀದಿಯ ಹೊಸ ಹುಂಜ ನಡುಬೀದಿಗೆ, ನಡುಬೀದಿಯದು ಕೆಳಗಿನ ಬೀದಿಗೆ, ಕೆಳಗಿನದು ಮೇಲಿನ ಬೀದಿಗೆ ಹೋಗಲಿ. ದಿಕ್ಕು ಮಾತ್ರ ಎಂದೂ ಬದಲಾಗಬಾರದು. ಹೀಗೆ ನಡೆದರೆ ಹೊರಗಿನ ಹುಂಜವನ್ನು ಕೊಳ್ಳದೆ ಎಷ್ಟೋ ವರ್ಷ ಹತ್ತಿರದ ಸಂಬಂಧ ತಪ್ಪಿಸಬಹುದು.

ಹೊರಗಿನಿಂದ ತರಲೇಬೇಕಾದರೆ ಸಂತೆಯಿಂದ ತರಬೇಡಿ. ಕೊಕ್ಕರೆ ರೋಗ ಊರಿಗೆ ಬರುವ ಹೆದ್ದಾರಿ ಸಂತೆಯೇ. ಸಾಕಿದವರ ಮನೆಗೆ ಹೋಗಿ ತಾಯಿ ಕೋಳಿಯನ್ನೂ ನೋಡಿ ತನ್ನಿ. ತಂದದ್ದನ್ನು ಮೂರು ವಾರ ಬೇರೆ ಕಡೆ ಪಂಜರದಲ್ಲಿಡಿ, ಅದರ ನೀರಿನ ಪಾತ್ರೆಯೂ ಬೇರೆ ಇರಲಿ. ಜಂತುಹುಳುವಿನ ಔಷಧಿ ಕೊಡಿಸಿ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಚುಚ್ಚುಮದ್ದು ಹಾಕಿಸುವುದನ್ನು ಮರೆಯಬೇಡಿ. ಲಸಿಕೆಯ ಬಾಟಲಿಯಲ್ಲಿ ಬಹಳ ಡೋಸು ಇರುವುದರಿಂದ ಬೀದಿಯವರೆಲ್ಲ ಒಂದೇ ದಿನ ಸೇರಿಸಿಕೊಂಡು ನಮಗೆ ಹೇಳಿದರೆ ಅನುಕೂಲ. ಇನ್ನೊಂದು ಮಾತು, ಡೇರಿಯಿಂದ ತಂದ ಪಶು ಆಹಾರವನ್ನು ಹುಂಜಕ್ಕೆ ಹಾಕಬೇಡಿ. ಅದು ಮೆಲುಕು ಹಾಕುವ ಹೊಟ್ಟೆಗೆಂದು ಮಾಡಿದ್ದು.

ಹೊಸ ಹುಂಜ ಬಿಟ್ಟ ಮಾರನೆಯ ದಿನದ ಮೊಟ್ಟೆ ಅದರದೇ ಎಂದು ತಿಳಿಯಬೇಡಿ. ಹಸುವಿನಂತಲ್ಲ ಕೋಳಿ. ಹಳೆಯ ಹುಂಜದ ಬೀಜ ಹೇಂಟೆಯ ದೇಹದಲ್ಲಿ ಎರಡು ಮೂರು ವಾರದವರೆಗೂ ಜೀವಂತ ಉಳಿಯಬಲ್ಲದು. ಹಳೆಯದನ್ನು ತೆಗೆದು ಮೂರು ವಾರವಾದ ಮೇಲಿನ ಮೊಟ್ಟೆಯನ್ನೇ ತಳಿಗೆ ಇಡಿ. ಕಾವಿಗಿಟ್ಟ ಏಳನೆಯ ದಿನ ರಾತ್ರಿ, ರಟ್ಟಿಗೆ ಮೊಟ್ಟೆಗಿಂತ ಸಣ್ಣ ತೂತು ಮಾಡಿ, ಹಿಂದಿನಿಂದ ಟಾರ್ಚು ಅಥವಾ ಮೊಬೈಲ್ ದೀಪ ಹಿಡಿದು ಮೊಟ್ಟೆ ನೋಡಿ. ಜೇಡರ ಬಲೆಯಂತೆ ಕೆಂಪು ನರ ಕಂಡರೆ ಜೀವವಿದೆ. ಏನೂ ಇಲ್ಲದೆ ತಿಳಿಯಾಗಿ ಕಂಡರೆ ಗೊಡ್ಡು ಮೊಟ್ಟೆ. ಹತ್ತರಲ್ಲಿ ಒಂದೆರಡು ಗೊಡ್ಡಾದರೆ ಚಿಂತೆಯಿಲ್ಲ. ನಾಲ್ಕೈದು ಆದರೆ ಹುಂಜದ ಮೇಲೆ ಅನುಮಾನ ಪಡಬೇಕು, ಕಡು ಬೇಸಿಗೆಯಾಗಿದ್ದರೆ ಮಾತ್ರ ಇನ್ನೊಂದು ಅವಕಾಶ ಕೊಡಿ. ಮರಿಯಾಗಿ ನಡುವೆ ಸತ್ತಿದ್ದರೆ ಅದು ಬೇರೆ, ಮೊಟ್ಟೆ ಸೆಕೆಯಲ್ಲಿ ಹಳಸಿರಬಹುದು ಅಥವಾ ಆಗಲೇ ಹೇಳಿದ ರಕ್ತಸಂಬಂಧವಿರಬಹುದು. ಮತ್ತೆ, ಬರೀ ಹುಂಜದ ಮರಿಗಳೇ ಒಡೆದವೆಂದು ಹುಂಜವನ್ನು ಬೈಯಬೇಡಿ. ಹಸುವಿನಲ್ಲಿ ಕರು ಹೋರಿಯೋ ಕಡಸೋ ಎಂಬುದು ತಂದೆಯ ಕಡೆಯಿಂದ, ಕೋಳಿಯಲ್ಲಿ ಅದು ತಾಯಿಯ ಕಡೆಯಿಂದ.

ಭಾಷಣಕ್ಕೆ ಮೊದಲು ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. ಗುಂಪಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಹುಂಜ ದೇವರಿಗೆ ಹರಕೆ ಹೊತ್ತದ್ದಾಗಿದ್ದರೆ ಏನು ಮಾಡುವುದು? ಹರಕೆ ತೀರಿಸಿ, ಬೇಡ ಎನ್ನುವವನು ನಾನಲ್ಲ. ಆದರೆ ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಅದನ್ನು ಒಳ್ಳೆಯ ಹೇಂಟೆಗಳ ಜೊತೆ ಬಿಟ್ಟು, ಒಂದೆರಡು ಕಾವಿನ ಮರಿ ಒಡೆಸಿಕೊಳ್ಳಿ. ಹಬ್ಬದ ದಿನ ಹುಂಜ ಹೋದ ಮೇಲೂ, ಬೇರೆ ಹುಂಜವನ್ನು ಹತ್ತಿರ ಬಿಡದಿದ್ದರೆ, ಇನ್ನೊಂದು ವಾರ ಇಟ್ಟ ಮೊಟ್ಟೆಗಳು ಅದರವೇ. ಆ ಮೊಟ್ಟೆಗಳನ್ನು ಯಾರಿಗೂ ಮಾರಬೇಡಿ, ಮೊನಚು ತುದಿ ಕೆಳಗೆ ಮಾಡಿ ತಣ್ಣಗಿರುವ ಕಡೆ ರಾಗಿಯ ಮೇಲೋ ಮರಳಿನ ಮೇಲೋ ಇಟ್ಟು, ವಾರ ತುಂಬುವುದರೊಳಗೆ ಕಾವಿಗೆ ಕೂರಿಸಿ.